ಬಾನುಲಿಯಲ್ಲಿ ಯೂರೋಪಿನ ಕ್ರಿಸ್‌ಮಸ್: ಒಂದೇ ಗಳಿಗೆಗೆ ಕಾಯುವ ಕಿವಿಗಳು

ಡಿಸೆಂಬರ್ 24ರ ಇಳಿಹೊತ್ತು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರ ಜನರಿಂದ ತುಂಬಿದೆ. ಬಾಗಿಲ ಬಳಿ ಬಿಳಿ ನಿಲುವಂಗಿ ತೊಟ್ಟ ಹದಿನಾರು ಹುಡುಗರು ಸಾಲಾಗಿ ನಿಂತಿದ್ದಾರೆ. ಎಲ್ಲರದೂ ಹದಿಮೂರರ ಒಳಗಿನ ವಯಸ್ಸು. ಅವರಲ್ಲಿ ಒಬ್ಬ ಇನ್ನೇನು ಒಂಟಿಯಾಗಿ, ಯಾವ ವಾದ್ಯದ ಆಸರೆಯೂ ಇಲ್ಲದೆ, ಮೊದಲ ಚರಣವನ್ನು ಹಾಡಬೇಕು. ಆ ಒಬ್ಬ ಯಾರೆಂಬುದು ಹುಡುಗರಿಗೇ ತಿಳಿದಿಲ್ಲ. ಸರಿಯಾಗಿ ಮೂರು ಗಂಟೆಗೆ ಪ್ರಸಾರದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಗಾಯನದ ನಿರ್ದೇಶಕರು ಒಬ್ಬ ಹುಡುಗನತ್ತ ಕೈ ತೋರುತ್ತಾರೆ. ಅವನು ಹಾಡುತ್ತಾನೆ.

ಮೊದಲೇ ಹೆಸರು ಹೇಳಿದರೆ ಹುಡುಗ ರಾತ್ರಿಯಿಡೀ ನಿದ್ದೆಗೆಡುತ್ತಾನೆ ಎಂಬ ಕಾಳಜಿಯಿಂದ ಬೆಳೆದುಬಂದ ಪದ್ಧತಿ ಇದು. ಆ ದನಿಯನ್ನು ಮಂದಿರದೊಳಗೆ ಕೇಳುವವರು ಕೆಲವು ನೂರು ಜನ. ಹೊರಗೆ ರೇಡಿಯೊ ಮುಂದೆ ಕುಳಿತವರು ಲಕ್ಷಾಂತರ ಮಂದಿ. ಅಡುಗೆಮನೆಯಲ್ಲಿ ಕಣಕ ನಾದುತ್ತಿರುವ ಗೃಹಿಣಿ, ಹೆದ್ದಾರಿಯಲ್ಲಿ ಮನೆಯತ್ತ ಹೊರಟ ಚಾಲಕ, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ ವೃದ್ಧ, ಎಲ್ಲರೂ ಅದೇ ಕ್ಷಣದಲ್ಲಿ ಅದೇ ದನಿಯನ್ನು ಕೇಳುತ್ತಾರೆ. ಭಾರತದಲ್ಲಿ ಆಗ ರಾತ್ರಿ ಎಂಟೂವರೆ.

ಅದೇ ಹಾಡು, ಅದೇ ಮೇಳದ ದನಿಯಲ್ಲೇ, ಅಂಗಡಿಯ ಡಿಸ್ಕಿನಲ್ಲಿ ಸಿಗುತ್ತದೆ. ಮೊಬೈಲಿನಲ್ಲಿ ಬೇಸಿಗೆಯ ನಡುಮಧ್ಯಾಹ್ನದಲ್ಲೂ ಕೇಳಬಹುದು. ಆದರೂ ಯೂರೋಪಿನ ಜನ ಈ ಒಂದು ದಿನದ, ಈ ಒಂದು ಗಂಟೆಯ ಪ್ರಸಾರಕ್ಕೆ ಏಕೆ ಕಾಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಹಾಡುಗಳ ಕಥೆಯ ಜೊತೆಗೆ ಎರಡು ಮಹಾಯುದ್ಧಗಳ, ಒಡೆದು ಮತ್ತೆ ಕೂಡಿದ ಒಂದು ಖಂಡದ ಕಥೆಯೂ ಎದುರಾಗುತ್ತದೆ.

ಗಡಿ ದಾಟಿದ ರಾಗಗಳು

ಕ್ರಿಸ್‌ಮಸ್ ಹಾಡುಗಳಿಗೆ ಇಂಗ್ಲಿಷಿನಲ್ಲಿ ‘ಕ್ಯಾರಲ್’ ಎಂಬ ಹೆಸರಿದೆ. ಮೊದಲಿಗೆ ಇದು ಕೈ ಕೈ ಹಿಡಿದು ಸುತ್ತು ಕುಣಿಯುವಾಗ ಹಾಡುತ್ತಿದ್ದ ಹಾಡಿನ ಹೆಸರು. ಇಗರ್ಜಿಯ ಲ್ಯಾಟಿನ್ ಸ್ತೋತ್ರಗಳು ಪಾದ್ರಿಗಳ ಸೊತ್ತಾಗಿದ್ದರೆ, ಕ್ಯಾರಲ್ ಜನರ ಸೊತ್ತು. ನಮ್ಮ ದಾಸರ ಪದಗಳಂತೆ ಆಡುನುಡಿಯಲ್ಲಿ, ನಾಲಿಗೆಗೆ ಸುಲಭವಾದ ಮಟ್ಟಿನಲ್ಲಿ, ಮತ್ತೆ ಮತ್ತೆ ಬರುವ ಪಲ್ಲವಿಯೊಡನೆ ಬೆಳೆದದ್ದು. 17ನೇ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಅಧಿಕಾರ ಹಿಡಿದ ಪ್ಯೂರಿಟನ್ನರು ಕ್ರಿಸ್‌ಮಸ್ ಆಚರಣೆಯನ್ನೇ ನಿಷೇಧಿಸಿದರು. ಹಾಡು ಸಾಯಲಿಲ್ಲ, ಹಳ್ಳಿ ಸೇರಿತು. ಮುಂದೆ 19ನೇ ಶತಮಾನದಲ್ಲಿ ಮತ್ತು 20ನೇ ಶತಮಾನದ ಆರಂಭದಲ್ಲಿ ಸೆಸಿಲ್ ಶಾರ್ಪ್, ರಾಲ್ಫ್ ವಾನ್ ವಿಲಿಯಮ್ಸ್ ಮೊದಲಾದವರು ಹಳ್ಳಿ ಸುತ್ತಿ, ಹಳಬರ ಬಾಯಿಂದ ಇಂಥ ಹಾಡುಗಳನ್ನು ಕೇಳಿ ಬರೆದುಕೊಂಡರು. ವಾನ್ ವಿಲಿಯಮ್ಸ್ ಸಂಪಾದಕರಲ್ಲಿ ಒಬ್ಬರಾಗಿದ್ದ ‘ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ ಹೊರಬಂದದ್ದು 1928ರಲ್ಲಿ.

ಈ ಹಾಡುಗಳು ಒಂದು ದೇಶದವು ಎನ್ನುವುದು ಕಷ್ಟ. ‘ಗುಡ್ ಕಿಂಗ್ ವೆನ್ಸೆಸ್ಲಸ್’ ಎಂಬ ಪ್ರಸಿದ್ಧ ಇಂಗ್ಲಿಷ್ ಕ್ಯಾರಲ್ಲಿನ ರಾಗ ಬಂದದ್ದು 1582ರಲ್ಲಿ ಅಚ್ಚಾದ ‘ಪಿಯೇ ಕಾಂಟಿಯೋನೆಸ್’ ಎಂಬ ಸಂಗ್ರಹದಿಂದ. ಅದು ಫಿನ್ಲೆಂಡಿನ ತುರ್ಕು ಪಟ್ಟಣದ ಶಾಲೆಯ ಹುಡುಗರು ಹಾಡುತ್ತಿದ್ದ ಲ್ಯಾಟಿನ್ ಹಾಡುಗಳ ಪುಸ್ತಕ. ಅದರಲ್ಲಿ ಈ ರಾಗ ಇದ್ದದ್ದು ವಸಂತ ಋತುವಿನ ಹಾಡಿಗೆ! ಅಪರೂಪದ ಆ ಪುಸ್ತಕದ ಪ್ರತಿಯೊಂದು ಸ್ವೀಡನ್ನಿನಲ್ಲಿದ್ದ ಬ್ರಿಟಿಷ್ ರಾಜತಾಂತ್ರಿಕರ ಮೂಲಕ ಇಂಗ್ಲೆಂಡಿಗೆ ಬಂತು. 1853ರಲ್ಲಿ ಜಾನ್ ಮೇಸನ್ ನೀಲ್ ಎಂಬ ಪಾದ್ರಿ ಅದಕ್ಕೆ ಹೊಸ ಸಾಹಿತ್ಯ ಬರೆದರು. ಹಾಡಿನ ನಾಯಕ ಹತ್ತನೇ ಶತಮಾನದ ಬೊಹೀಮಿಯದ, ಎಂದರೆ ಇಂದಿನ ಚೆಕ್ ನಾಡಿನ, ದೊರೆ. ಫಿನ್ಲೆಂಡಿನ ಮಟ್ಟು, ಇಂಗ್ಲಿಷ್ ಮಾತು, ಚೆಕ್ ಕಥೆ. ಮೂರೂ ಸೇರಿ ಒಂದು ಹಾಡು.

‘ಸೈಲೆಂಟ್ ನೈಟ್’ ಎಂದು ಲೋಕಕ್ಕೆಲ್ಲ ಪರಿಚಿತವಾದ ಹಾಡು ಹುಟ್ಟಿದ್ದು ಆಸ್ಟ್ರಿಯದಲ್ಲಿ. ಯೋಸೆಫ್ ಮೋರ್ ಎಂಬ ಯುವ ಪಾದ್ರಿ 1816ರಲ್ಲಿ ಪದ್ಯ ಬರೆದಿದ್ದರು. ನೆಪೋಲಿಯನ್ನನ ಯುದ್ಧಗಳು ಆಗಷ್ಟೇ ಮುಗಿದು ಜನ ಹಸಿವು, ಬಡತನದಿಂದ ಬಳಲುತ್ತಿದ್ದ ಕಾಲ ಅದು. ಎರಡು ವರ್ಷದ ನಂತರ ಶಾಲಾಮಾಸ್ತರ ಫ್ರಾನ್ಸ್ ಸೇವರ್ ಗ್ರೂಬರ್ ಅದಕ್ಕೆ ರಾಗ ಹಾಕಿದರು. ಸಾಲ್ಸ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನ ಇಗರ್ಜಿಯಲ್ಲಿ, 1818ರ ಡಿಸೆಂಬರ್ 24ರಂದು, ಗಿಟಾರಿನ ಜೊತೆ ಇಬ್ಬರೂ ಅದನ್ನು ಹಾಡಿದರು. ಇಂದು ಅದು ಮುನ್ನೂರಕ್ಕೂ ಹೆಚ್ಚು ಭಾಷೆ ಮತ್ತು ಉಪಭಾಷೆಗಳಲ್ಲಿದೆ.

ಇಂಥ ರಾಗಗಳು ಕನ್ನಡ ನಾಡಿಗೂ ಬಂದವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜರ್ಮನ್ ಮೂಲದ ಮಟ್ಟುಗಳಿಗೆ ಕನ್ನಡ ಸಾಹಿತ್ಯ ಹೊಂದಿಸಿದರು. ‘ಮಂಗಳೂರ ಸಮಾಚಾರ’ದ ಹರ್ಮನ್ ಮೋಗ್ಲಿಂಗ್, ನಿಘಂಟಿನ ಫರ್ಡಿನೆಂಡ್ ಕಿಟೆಲ್ ಇಬ್ಬರೂ ಈ ಪರಂಪರೆಯವರೇ. ಕಿಟೆಲ್ಲರು ಇದರ ಎದುರು ದಾರಿಯನ್ನೂ ತುಳಿದರು. 1862ರ ‘ಕಥಾಮಾಲೆ’ಯಲ್ಲಿ ಅವರು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹೇಳಿದರು. ಕರಾವಳಿಯ, ಧಾರವಾಡ ಕಡೆಯ ಹಳೆಯ ಚರ್ಚುಗಳಲ್ಲಿ ಕನ್ನಡದಲ್ಲಿ ಹಾಡುವವರಿಗೆ ಯೂರೋಪಿನ ಬಾನುಲಿಯಲ್ಲಿ ಕೇಳುವ ಎಷ್ಟೋ ರಾಗ ಅಪರಿಚಿತವಲ್ಲ.

ಯುದ್ಧದಿಂದ ಬಂದ ಪಾದ್ರಿ

ಕೇಂಬ್ರಿಜ್‌ನ ಆರಾಧನೆ ಶತಮಾನಗಳಷ್ಟು ಹಳೆಯದು ಎಂದು ಕೇಳುಗರಲ್ಲಿ ಹಲವರು ಭಾವಿಸುತ್ತಾರೆ. ಮಂದಿರ ಹಳೆಯದು ನಿಜ. 1446ರಲ್ಲಿ ಅದರ ಕಟ್ಟಡ ಆರಂಭವಾಯಿತು. ಆದರೆ ಈ ಕ್ರಿಸ್‌ಮಸ್ ಆರಾಧನೆ ಅಲ್ಲಿ ಮೊದಲು ನಡೆದದ್ದು 1918ರಲ್ಲಿ. ಮೊದಲನೆಯ ಮಹಾಯುದ್ಧ ಮುಗಿದು ಆರು ವಾರವಷ್ಟೇ ಆಗಿತ್ತು. ಕಾಲೇಜಿನ ಇನ್ನೂರಕ್ಕೂ ಹೆಚ್ಚು ಮಂದಿ ರಣರಂಗದಿಂದ ಮರಳಿರಲಿಲ್ಲ. ಹೊಸದಾಗಿ ಡೀನ್ ಆಗಿ ಬಂದ ಎರಿಕ್ ಮಿಲ್ನರ್ ವೈಟ್ ಅವರಿಗೆ ಆಗ 34 ವರ್ಷ. ಅವರು ಸೈನ್ಯದಲ್ಲಿ ಪಾದ್ರಿಯಾಗಿ ಸಾವುನೋವುಗಳನ್ನು ಹತ್ತಿರದಿಂದ ಕಂಡವರು. ಒಣ ವಿಧಿಗಳಿಂದ ನೊಂದ ಜನರ ಮನಸ್ಸು ಮುಟ್ಟಲಾಗದು, ಹೊಸ ಕಲ್ಪನೆ ಬೇಕು ಎಂದು ಅವರಿಗೆ ಅನ್ನಿಸಿತ್ತು.

ಅವರಿಗೆ ಮಾದರಿಯಾದದ್ದು ಕಾರ್ನ್‌ವಾಲ್ ಪ್ರಾಂತದ ಟ್ರೂರೊ ಪಟ್ಟಣದ ಒಂದು ಆರಾಧನೆ. ಅಲ್ಲಿ ಮಹಾದೇವಾಲಯ ಇನ್ನೂ ಕಟ್ಟುತ್ತಿದ್ದ ಕಾಲ. 1880ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ತಾತ್ಕಾಲಿಕವಾಗಿ ಎಬ್ಬಿಸಿದ್ದ ಮರದ ಕಟ್ಟಡದಲ್ಲಿ ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್ ಒಂಬತ್ತು ಪಾಠ, ಅವುಗಳ ನಡುವೆ ಹಾಡು ಎಂಬ ಕ್ರಮ ಹಾಕಿದ್ದರು. ಬೈಬಲ್ಲಿನ ಆದಿಪುರುಷನ ಪತನದಿಂದ ಆರಂಭವಾಗಿ ಗೋದಲಿಯಲ್ಲಿ ಶಿಶು ಮಲಗುವವರೆಗಿನ ಕಥೆ ಅದು. ಓದುವವರಲ್ಲೂ ಒಂದು ಏಣಿಯಿದೆ. ಕೇಂಬ್ರಿಜ್‌ನಲ್ಲಿ ಮೊದಲ ಪಾಠ ಓದುವುದು ಹಾಡುವ ಹುಡುಗ, ಕೊನೆಯದು ಕಾಲೇಜಿನ ಮುಖ್ಯಸ್ಥರು. ಆರಂಭದ ಪ್ರಾರ್ಥನೆಯಲ್ಲಿ ಬಡವರನ್ನು, ರೋಗಿಗಳನ್ನು, ಒಂಟಿಯಾದವರನ್ನು, ಅಗಲಿ ಹೋದವರನ್ನು ನೆನೆಯಲಾಗುತ್ತದೆ. 1918ರಲ್ಲಿ ಆ ಮಾತು ಕೇಳಿದವರಿಗೆ ಅಗಲಿದವರು ಯಾರೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದು ಬಿ.ಬಿ.ಸಿ.ಯ ಮೂಲಕ ಮೊದಲು ಪ್ರಸಾರವಾದದ್ದು 1928ರಲ್ಲಿ. 1930ರ ಒಂದು ವರ್ಷ ಬಿಟ್ಟರೆ ಅಂದಿನಿಂದ ಪ್ರತಿ ವರ್ಷ ಪ್ರಸಾರವಾಗುತ್ತಿದೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಭಯದಿಂದ ಮಂದಿರದ ಬಣ್ಣದ ಗಾಜುಗಳನ್ನು ಕಳಚಿ ಇಡಲಾಗಿತ್ತು. ಒಳಗೆ ಬೆಚ್ಚಗಿಡುವ ವ್ಯವಸ್ಥೆಯೂ ಇರಲಿಲ್ಲ. ಆ ಚಳಿಯಲ್ಲೂ ಹುಡುಗರು ಹಾಡಿದರು. ಶತ್ರುವಿಗೆ ಸುಳಿವು ಸಿಗಬಾರದೆಂದು ಉದ್ಘೋಷಕರು ‘ಕಿಂಗ್ಸ್’ ಎಂಬ ಹೆಸರನ್ನು ಮಾತ್ರ ಹೇಳುತ್ತಿರಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಮಂದಿರದಲ್ಲಿ ಸಭಿಕರಿಗೆ ಪ್ರವೇಶವಿರಲಿಲ್ಲ. ಮುದ್ರಿಸಿಟ್ಟ ಗಾಯನ ಪ್ರಸಾರವಾಯಿತು. ಖಾಲಿ ಪೀಠಗಳ ನಡುವೆ ಹಾಡಿದ ಆ ಹಾಡು ಮನೆಮನೆ ತಲುಪಿದ್ದು ರೇಡಿಯೊದಿಂದಲೇ.

ಹಾಡು ಏರುವ ಬಗೆ

ಈ ಹಾಡುಗಳು ರೇಡಿಯೊಗೆ ಇಷ್ಟು ಚೆನ್ನಾಗಿ ಒಗ್ಗಿದ್ದೇಕೆ ಎಂಬುದಕ್ಕೆ ಸಂಗೀತದ ಕಾರಣವೂ ಇದೆ. ಕ್ಯಾರಲ್ಲಿನ ಮಟ್ಟು ಸಾಮಾನ್ಯವಾಗಿ ಒಂದು ಸ್ಥಾಯಿಯ ಆಸುಪಾಸಿನಲ್ಲಿರುತ್ತದೆ. ಅಭ್ಯಾಸವಿಲ್ಲದ ಕಂಠವೂ ಕೂಡಿ ಹಾಡಬಹುದು. ಕೇಂಬ್ರಿಜ್‌ನಲ್ಲಿ ಮೊದಲ ಚರಣ ಒಬ್ಬ ಹುಡುಗನದು, ಎರಡನೆಯದು ಮೇಳದ್ದು, ಆಮೇಲೆ ಆರ್ಗನ್ ವಾದ್ಯದೊಡನೆ ಇಡೀ ಸಭೆಯದು. ಕೊನೆಯ ಚರಣದಲ್ಲಿ ಸಭೆ ಮೂಲ ರಾಗವನ್ನು ಹಾಡುತ್ತಿದ್ದಂತೆ ಹುಡುಗರು ತಾರಸ್ಥಾಯಿಯಲ್ಲಿ ಬೇರೊಂದು ರಾಗವನ್ನು ಅದರ ಮೇಲೆ ಹೆಣೆಯುತ್ತಾರೆ. ಪಾಶ್ಚಾತ್ಯ ಸಂಗೀತದಲ್ಲಿ ಇದಕ್ಕೆ ‘ಡೆಸ್ಕಾಂಟ್’ ಎನ್ನುತ್ತಾರೆ. 1957ರಿಂದ 1974ರವರೆಗೆ ಈ ಮೇಳವನ್ನು ನಡೆಸಿದ ಡೇವಿಡ್ ವಿಲ್‌ಕಾಕ್ಸ್ ಬರೆದ ಡೆಸ್ಕಾಂಟ್‌ಗಳು 1961ರ ‘ಕ್ಯಾರಲ್ಸ್ ಫಾರ್ ಕ್ವಾಯರ್ಸ್’ ಪುಸ್ತಕದ ಮೂಲಕ ಹಳ್ಳಿಯ ಚರ್ಚುಗಳನ್ನೂ ಸೇರಿದವು. ಒಂದು ದನಿ ನೂರಾಗಿ, ನೂರು ದನಿ ಮುಗಿಲಿಗೇರುವ ಈ ಕ್ರಮವನ್ನು ಕಣ್ಣು ಮುಚ್ಚಿಯೇ ‘ನೋಡಬಹುದು’. ಚಿತ್ರದ ಹಂಗು ಇಲ್ಲ.

ಹಳೆಯದನ್ನೇ ಹಾಡುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ನಿರ್ದೇಶಕ ಸ್ಟೀಫನ್ ಕ್ಲಿಯೊಬರಿ 1983ರಿಂದ ಪ್ರತಿ ವರ್ಷ ಒಬ್ಬ ಸಂಗೀತಗಾರರಿಂದ ಹೊಸ ಕ್ಯಾರಲ್ ಬರೆಸುವ ಪದ್ಧತಿ ಹಾಕಿದರು. ಹಳೆಯ ಮರದಲ್ಲಿ ವರ್ಷಕ್ಕೊಂದು ಹೊಸ ಚಿಗುರು.

ಮಧ್ಯಾಹ್ನದಿಂದ ರಾತ್ರಿಯವರೆಗೆ

ಕ್ರಿಸ್‌ಮಸ್ ಮುನ್ನಾದಿನ ಯೂರೋಪಿನ ರೇಡಿಯೊಗಳನ್ನು ಒಂದೊಂದಾಗಿ ತಿರುಗಿಸುತ್ತ ಹೋದರೆ ಹಬ್ಬ ಪೂರ್ವದಿಂದ ಪಶ್ಚಿಮಕ್ಕೆ ನಡೆದುಹೋಗುವುದು ಕೇಳಿಸುತ್ತದೆ.

ಮೊದಲು ಫಿನ್ಲೆಂಡಿನ ತುರ್ಕು; ‘ವೆನ್ಸೆಸ್ಲಸ್’ ಹಾಡಿನ ರಾಗ ಹೊರಟ ಅದೇ ಪಟ್ಟಣ. ಅಲ್ಲಿನ ಹಳೆಯ ಚೌಕದಲ್ಲಿ ಜನ ಸೇರಿರುತ್ತಾರೆ. ಲೂಥರ್ ರಚಿಸಿದ ಸ್ತೋತ್ರವನ್ನು ಎಲ್ಲರೂ ಕೂಡಿ ಹಾಡುತ್ತಾರೆ. ಮಹಾದೇವಾಲಯದ ಗಂಟೆ ಹನ್ನೆರಡು ಹೊಡೆಯುತ್ತಿದ್ದಂತೆ, ಬ್ರಿಂಕಾಲ ಭವನದ ಮೊಗಸಾಲೆಯಿಂದ ನಗರದ ಅಧಿಕಾರಿಯೊಬ್ಬರು ‘ಕ್ರಿಸ್‌ಮಸ್ ಶಾಂತಿ’ಯ ಘೋಷಣೆಯನ್ನು ಫಿನ್ನಿಷ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ಓದುತ್ತಾರೆ. ಈ ದಿನಗಳಲ್ಲಿ ಶಾಂತಿ ಕದಡುವವರಿಗೆ ಹೆಚ್ಚಿನ ಶಿಕ್ಷೆ ಎಂಬುದು ಅದರ ಸಾರ. ಮಧ್ಯಯುಗದಿಂದ ಬಂದ ಈ ಪದ್ಧತಿಯ ಮೂಲ ಪ್ರತಿ 1827ರ ಭಾರಿ ಬೆಂಕಿಯಲ್ಲಿ ಸುಟ್ಟುಹೋಯಿತು. ಕೇಳಿ ಕೇಳಿ ಬಾಯಿಪಾಠವಾಗಿದ್ದುದನ್ನು ಮತ್ತೆ ಬರೆದುಕೊಳ್ಳಲಾಯಿತು. 1935ರಿಂದ ಇದು ರೇಡಿಯೊದಲ್ಲಿ ದೇಶಕ್ಕೆಲ್ಲ ಕೇಳಿಸುತ್ತಿದೆ. 1939ರಲ್ಲಿ ಸೋವಿಯತ್ ವಿಮಾನಗಳ ದಾಳಿಯ ಭಯದಿಂದ ಘೋಷಣೆ ನಡೆಯಲಿಲ್ಲ. ಶಾಂತಿಯನ್ನು ಸಾರಲು ಯುದ್ಧವೇ ಬಿಡದ ವರ್ಷ ಅದು.

ಮೂರು ಗಂಟೆ ಕಳೆದರೆ, ಭಾರತದ ಗಡಿಯಾರದಲ್ಲಿ ಆರೂವರೆಯ ಹೊತ್ತಿಗೆ, ಜರ್ಮನಿ, ಆಸ್ಟ್ರಿಯಗಳಲ್ಲಿ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಅಲ್ಲಿನ ರೇಡಿಯೊಗಳಲ್ಲಿ ಬಾಖ್‌ನ ‘ಕ್ರಿಸ್‌ಮಸ್ ಓರಟೋರಿಯೊ’ದ ನಗಾರಿಗಳು ಮೊಳಗುವ ಹೊತ್ತು ಇದು. ಓರಟೋರಿಯೊ ಎಂದರೆ ಅಭಿನಯವಿಲ್ಲದೆ ಹಾಡಿನಲ್ಲೇ ಕಥೆ ಹೇಳುವ ರೂಪ. ಬಾಖ್ ಇದನ್ನು ಒಂದೇ ಬೈಠಕಿಗೆಂದು ರಚಿಸಲಿಲ್ಲ. ಅದರ ಆರು ಭಾಗಗಳು 1734ರ ಕ್ರಿಸ್‌ಮಸ್‌ನಿಂದ 1735ರ ಜನವರಿ 6ರವರೆಗೆ ಆರು ಬೇರೆ ಬೇರೆ ಹಬ್ಬದ ದಿನಗಳಲ್ಲಿ ಲೈಪ್‌ಜಿಗ್ ನಗರದ ಚರ್ಚುಗಳಲ್ಲಿ ನಡೆದವು. ಅದರ ಕೆಲವು ಸಂಗೀತವನ್ನು ಬಾಖ್ ಹಿಂದೆ ರಾಜಮನೆತನದ ಹುಟ್ಟುಹಬ್ಬಗಳಿಗೆ ಬರೆದಿದ್ದ. ರಾಣಿಗೆ ಮೊಳಗಿದ ನಗಾರಿಗಳೇ ಗೋದಲಿಯ ಶಿಶುವಿಗೂ ಮೊಳಗಿದವು.

ಚೆಕ್ ರೇಡಿಯೊದಲ್ಲಿ ಯಾಕುಬ್ ಯಾನ್ ರೀಬಾ 1796ರಲ್ಲಿ ರಚಿಸಿದ ಕ್ರಿಸ್‌ಮಸ್ ಪೂಜಾಗೀತೆ ಇಲ್ಲದೆ ಹಬ್ಬವಿಲ್ಲ. ರೀಬಾ ಹಳ್ಳಿಶಾಲೆಯ ಮಾಸ್ತರ. ಲ್ಯಾಟಿನ್ ಬಿಟ್ಟು ಜನರ ಚೆಕ್ ಭಾಷೆಯಲ್ಲೇ ಬರೆದ. ಬೆತ್ಲೆಹೇಮನ್ನು ತನ್ನ ಊರಿಗೇ ತಂದ. ಕುರುಬನೊಬ್ಬ ರಾತ್ರಿ ಆಕಾಶದ ಬೆಳಕು ಕಂಡು ತನ್ನ ಯಜಮಾನನನ್ನು ಕೂಗಿ ಎಬ್ಬಿಸುವಲ್ಲಿಂದ ಅದು ಆರಂಭವಾಗುತ್ತದೆ.

ಸಂಜೆಯಾಗುತ್ತಿದ್ದಂತೆ ಉತ್ತರ ಜರ್ಮನಿಯ ಎನ್.ಡಿ.ಆರ್. ರೇಡಿಯೊದಲ್ಲಿ ‘ಗ್ರೂಸ್ ಆನ್ ಬೋರ್ಡ್’, ಎಂದರೆ ‘ಹಡಗಿನವರಿಗೆ ವಂದನೆ’. 1953ರಿಂದ ನಡೆದುಬಂದ ಕಾರ್ಯಕ್ರಮ ಇದು. ಹಬ್ಬಕ್ಕೂ ಊರಿಗೆ ಬರಲಾಗದೆ ಸಮುದ್ರದಲ್ಲೇ ಉಳಿದ ನಾವಿಕರಿಗೆ ಮನೆಯವರು ರೇಡಿಯೊ ಮೂಲಕ ಮಾತು ಕಳಿಸುತ್ತಾರೆ, ನಡುನಡುವೆ ಹಬ್ಬದ ಹಾಡು. ಉಪಗ್ರಹ ದೂರವಾಣಿ ಬಂದ ಮೇಲೂ, ದೂರದ ಸಾಗರಗಳಿಗೆ ತಲುಪಲೆಂದು ಆ ಒಂದು ರಾತ್ರಿಗೆ ಶಾರ್ಟ್‌ವೇವ್ ತರಂಗಗಳನ್ನು ಬಾಡಿಗೆಗೆ ಪಡೆಯುವುದುಂಟು. ಇಂದಿನ ಹಡಗುಗಳಲ್ಲಿ ಫಿಲಿಪ್ಪೀನ್ಸ್, ಭಾರತಗಳ ನಾವಿಕರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಈ ಅಗಲಿಕೆ ಗೊತ್ತಿರುವಂಥದೇ.

ಕೊನೆಯಲ್ಲಿ ಐಸ್‌ಲೆಂಡ್. ಅಲ್ಲಿ ಹಿಂದಿನ ದಿನವೇ, ಡಿಸೆಂಬರ್ 23ರಂದು, ರಾಷ್ಟ್ರೀಯ ರೇಡಿಯೊ ಗಂಟೆಗಟ್ಟಲೆ ಜನರ ಶುಭಾಶಯಗಳನ್ನು ಓದುತ್ತದೆ. ಇಂಥ ಊರಿನ ಇಂಥ ಮನೆಯವರು ಬಂಧುಮಿತ್ರರಿಗೆಲ್ಲ ಹಬ್ಬದ ಹಾರೈಕೆ ತಿಳಿಸಿದ್ದಾರೆ ಎಂಬಷ್ಟೇ ಮಾತು, ನಡುವೆ ಸಂಗೀತ. ಹಿಮದಲ್ಲಿ ಹುದುಗಿದ ಒಂಟಿ ಮನೆಗಳ ಕಾಲದ ಈ ವಾಡಿಕೆಯನ್ನು ಅವರು ಬಿಟ್ಟಿಲ್ಲ. ಮುನ್ನಾದಿನ ಸಂಜೆ ಸರಿಯಾಗಿ ಆರಕ್ಕೆ ರೇಡಿಯೊದಲ್ಲಿ ರೇಕ್ಯಾವಿಕ್‌ನ ಚರ್ಚಿನ ಗಂಟೆ ಕೇಳುತ್ತದೆ. ಐಸ್‌ಲೆಂಡಿನವರಿಗೆ ಹಬ್ಬ ಹುಟ್ಟುವುದು ಆ ಗಳಿಗೆಯಲ್ಲಿ. ಭಾರತದಲ್ಲಿ ಆಗ ರಾತ್ರಿ ಹನ್ನೊಂದೂವರೆ.

ಅದೇ ಹಾಡು, ಬೇರೆ ಉದ್ದೇಶ

ಒಂದೇ ಕ್ಷಣದಲ್ಲಿ ಲಕ್ಷಾಂತರ ಹೃದಯಗಳನ್ನು ಮುಟ್ಟುವ ಸಾಧನ ಅಧಿಕಾರಸ್ಥರ ಕಣ್ಣಿಗೂ ಬೀಳದೆ ಇರದು. ನಾಜಿಗಳು ಕ್ರಿಸ್‌ಮಸ್‌ನಿಂದ ಕ್ರಿಸ್ತನನ್ನು ಮರೆಸಲು ಯತ್ನಿಸಿದರು. ಶಿಶುವಿನ ಹೆಸರಿಲ್ಲದ, ತಾರೆ ಮತ್ತು ತಾಯಂದಿರ ಬಗ್ಗೆ ಮಾತ್ರ ಇರುವ ಹೊಸ ಹಾಡೊಂದನ್ನು 1936ರಿಂದ ಪ್ರಚಾರ ಮಾಡಿದರು. ಆದರೆ ಜನರ ಮನಸ್ಸು ಕರಗಿಸಬೇಕಾದ ದಿನ ಬಂದಾಗ ಅವರೂ ಹಳೆಯ ಹಾಡಿಗೇ ಮೊರೆ ಹೋಗಬೇಕಾಯಿತು.

1942ರ ಡಿಸೆಂಬರ್ 24ರ ರಾತ್ರಿ ಜರ್ಮನ್ ರೇಡಿಯೊ ಒಂದು ‘ವರ್ತುಲ ಪ್ರಸಾರ’ ನಡೆಸಿತು. ಉತ್ತರದ ಹಿಮಸಾಗರ, ಕ್ರಿಮಿಯ, ಸ್ಟಾಲಿನ್‌ಗ್ರಾಡ್ ಎಂದು ಒಂದೊಂದೇ ರಣರಂಗವನ್ನು ಉದ್ಘೋಷಕ ಕರೆದ. ಒಂದೊಂದರಿಂದಲೂ ಸೈನಿಕರ ದನಿ ಉತ್ತರಿಸಿತು. ಕೊನೆಗೆ ಎಲ್ಲ ಕಡೆಯಿಂದಲೂ ‘ಸೈಲೆಂಟ್ ನೈಟ್’ ಹಾಡು ಕೂಡಿ ಬಂತು. ಮನೆಯಲ್ಲಿದ್ದ ತಾಯಂದಿರು, ಮಡದಿಯರು ಅದನ್ನು ಹೇಗೆ ಕೇಳಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ ಆರನೇ ಸೈನ್ಯ ಆಗಲೇ ಒಂದು ತಿಂಗಳಿನಿಂದ ಮುತ್ತಿಗೆಗೆ ಸಿಕ್ಕಿ ಹಸಿವು, ಚಳಿಯಿಂದ ಸಾಯುತ್ತಿತ್ತು. ಆ ರಾತ್ರಿ ಕೇಳಿಸಿದ ‘ಸ್ಟಾಲಿನ್‌ಗ್ರಾಡಿನ ದನಿ’ ನಿಜವಾಗಿಯೂ ಅಲ್ಲಿಂದ ಬಂದದ್ದೇ ಎಂಬುದನ್ನು ಇತಿಹಾಸಕಾರರು ಶಂಕಿಸುತ್ತಾರೆ. ಫೆಬ್ರವರಿ ಆರಂಭದಲ್ಲಿ ಶರಣಾದವರು ಸುಮಾರು 91 ಸಾವಿರ. ಅವರಲ್ಲಿ ತಾಯ್ನಾಡಿಗೆ ಮರಳಿದವರು ಕೇವಲ ಐದಾರು ಸಾವಿರ. ಆ ಪ್ರಸಾರದ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಹಾಡು ಸುಳ್ಳಾಗಿರಲಿಲ್ಲ. ಅದನ್ನು ಹೆಣೆದ ಉದ್ದೇಶ ಸುಳ್ಳಾಗಿತ್ತು.

ಮುಷ್ಕರದ ಪಟ್ಟಿಯಲ್ಲಿ ರೇಡಿಯೊ

ಹಾಡನ್ನು ಬಳಸಿಕೊಂಡವರಂತೆ, ರೇಡಿಯೊದಿಂದ ಅದನ್ನು ದೂರವಿಟ್ಟವರೂ ಇದ್ದರು. ಪೋಲೆಂಡಿನ ಕ್ರಿಸ್‌ಮಸ್ ಹಾಡುಗಳಿಗೆ ‘ಕೊಲೆಂಡ’ ಎಂಬ ಹೆಸರು. ದೇಶ ಹರಿದು ಹಂಚಿಹೋಗಿದ್ದ 19ನೇ ಶತಮಾನದಲ್ಲಿ ಅವು ಜನರ ಪಾಲಿಗೆ ನಾಡಗೀತೆಯೂ ಆಗಿದ್ದವು. 1830ರ ದಂಗೆಯ ಕಾಲದಲ್ಲಿ ವಿಯೆನ್ನದಲ್ಲಿ ಒಂಟಿಯಾಗಿದ್ದ ಷೊಪಾನ್, ಮುಂದೆ ತನ್ನ ಮೊದಲ ‘ಸ್ಕೆರ್ಟ್ಸೊ’ ಕೃತಿಯ ನಟ್ಟನಡುವೆ ಒಂದು ಕೊಲೆಂಡದ ಜೋಗುಳವನ್ನು ಇರಿಸಿದ. ಎರಡು ಬಿರುಗಾಳಿಗಳ ನಡುವೆ ತೊಟ್ಟಿಲ ಹಾಡು ಕೇಳಿಸಿದಂತಿದೆ ಅದು.

ಎರಡನೆಯ ಮಹಾಯುದ್ಧದ ನಂತರ ಬಂದ ಕಮ್ಯುನಿಸ್ಟ್ ಆಡಳಿತ ಚರ್ಚಿನ ಆರಾಧನೆಗೆ ರೇಡಿಯೊದಲ್ಲಿ ಜಾಗ ಕೊಡಲಿಲ್ಲ. 1980ರ ಆಗಸ್ಟಿನಲ್ಲಿ ಗದಾನ್‌ಸ್ಕ್ ಬಂದರಿನ ಹಡಗು ಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದರು. ಅವರ ಬೇಡಿಕೆಗಳಲ್ಲಿ ಕೂಲಿ, ಮಾಂಸದ ಪಡಿತರಗಳ ಜೊತೆಗೆ ಇನ್ನೊಂದು ಸಂಗತಿಯಿತ್ತು. ಎಲ್ಲ ಧರ್ಮದವರಿಗೂ ಸಮೂಹ ಮಾಧ್ಯಮದಲ್ಲಿ ಅವಕಾಶ ಬೇಕು ಎಂಬುದು ಅದು. ಸರ್ಕಾರ ಒಪ್ಪಿತು. 1980ರ ಸೆಪ್ಟೆಂಬರ್ 21ರಿಂದ ಭಾನುವಾರದ ಪೂಜೆ ವಾರ್ಸಾದ ‘ಪವಿತ್ರ ಶಿಲುಬೆ’ ಇಗರ್ಜಿಯಿಂದ ಪೋಲಿಷ್ ರೇಡಿಯೊದಲ್ಲಿ ಪ್ರಸಾರವಾಗತೊಡಗಿತು. ಷೊಪಾನ್‌ನ ಹೃದಯವನ್ನು ಇರಿಸಿರುವ ಇಗರ್ಜಿಯೂ ಅದೇ. ಮರುವರ್ಷ ಡಿಸೆಂಬರ್ 13ರಂದು ದೇಶದಲ್ಲಿ ಸೈನಿಕ ಆಡಳಿತ ಹೇರಿದಾಗ ಆ ಪ್ರಸಾರ ಕೆಲವು ವಾರ ನಿಂತಿತು. 1981ರ ಕ್ರಿಸ್‌ಮಸ್ ಬಂದದ್ದು ಆ ಮೌನದಲ್ಲಿ. ರೇಡಿಯೊದಲ್ಲಿ ಒಂದು ಪ್ರಾರ್ಥನೆ, ಒಂದು ಹಾಡು ಕೇಳುವುದು ಎಂಥ ಬೆಲೆಯ ಸಂಗತಿ ಎಂಬುದು ಅದನ್ನು ಕಳೆದುಕೊಂಡವರಿಗೆ ಗೊತ್ತು.

ಭಾನುವಾರದ ವಿನಿಮಯ

ಶೀತಲ ಸಮರದ ಕಾಲದಲ್ಲಿ ಯೂರೋಪಿನ ರೇಡಿಯೊ ಸಂಸ್ಥೆಗಳೂ ಎರಡು ಬಣವಾಗಿದ್ದವು. ಪಶ್ಚಿಮದವರ ‘ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್’ 1950ರಲ್ಲಿ ಸ್ಥಾಪನೆಯಾಯಿತು. ಪೂರ್ವದವರದು ಬೇರೆ ಕೂಟ. ಬರ್ಲಿನ್ ಗೋಡೆ 1989ರಲ್ಲಿ ಬಿತ್ತು. 1993ರ ಜನವರಿ 1ರಂದು ಎರಡೂ ಕೂಟಗಳು ಒಂದಾದವು.

ಈ ಒಕ್ಕೂಟದ ‘ಯೂರೋರೇಡಿಯೊ’ ವಿಭಾಗ ಕ್ರಿಸ್‌ಮಸ್‌ಗೆ ಮುಂಚಿನ ಒಂದು ಭಾನುವಾರವನ್ನು ಹಬ್ಬದ ಸಂಗೀತದ ವಿನಿಮಯಕ್ಕೆ ಮೀಸಲಿಟ್ಟಿದೆ. ಒಂದು ದೇಶದ ರೇಡಿಯೊ ತನ್ನ ಊರಿನ ಚರ್ಚಿನಿಂದಲೋ ಸಭಾಂಗಣದಿಂದಲೋ ಒಂದು ಕಛೇರಿ ಕೊಡುತ್ತದೆ. ಉಳಿದವರು ಅದನ್ನು ತಮ್ಮ ಕೇಳುಗರಿಗೆ ತಲುಪಿಸುತ್ತಾರೆ. ಅದು ಮುಗಿಯುತ್ತಿದ್ದಂತೆ ಸರದಿ ಮತ್ತೊಂದು ದೇಶದ್ದು. ಬ್ರಿಟನ್ನಿನಲ್ಲಿ ಬಿ.ಬಿ.ಸಿ. ರೇಡಿಯೊ 3 ಇದನ್ನು ‘ಕ್ರಿಸ್‌ಮಸ್ ಅರೌಂಡ್ ಯೂರೋಪ್’ ಎಂಬ ಹೆಸರಿನಲ್ಲಿ ಇಡೀ ದಿನ ಪ್ರಸಾರ ಮಾಡಿದೆ. ಭಾಷೆ ತಿಳಿಯದಿದ್ದರೂ ಯಾವುದೋ ಊರಿನ ಗಾಯಕರ ಹಾಡನ್ನು ಮತ್ತಾವುದೋ ಊರಿನವರು ತಮ್ಮ ಮನೆಯಲ್ಲಿ ಕುಳಿತು ಕೇಳುತ್ತಾರೆ. ಇದಕ್ಕೆ ಬೇಕಾದದ್ದು ತಂತಿ, ಉಪಗ್ರಹ ಮತ್ತು ಒಂದಿಷ್ಟು ಸದ್ಭಾವ. ತಂತಿ ಹಿಂದೆಯೂ ಇತ್ತು. ಸದ್ಭಾವಕ್ಕೆ ದೀರ್ಘ ಕಾಲ ಕಾಯಬೇಕಾಯಿತು.

ಕಾಯುವುದರ ಸುಖ

ಇಂದು ಯೂರೋಪಿನ ವಾಣಿಜ್ಯ ರೇಡಿಯೊಗಳಲ್ಲಿ ನವೆಂಬರಿನಿಂದಲೇ ಹಬ್ಬದ ಪಾಪ್ ಹಾಡುಗಳ ಸುರಿಮಳೆ. ವ್ಯಾಮ್ ತಂಡದ ‘ಲಾಸ್ಟ್ ಕ್ರಿಸ್‌ಮಸ್’ ಬಂದದ್ದು 1984ರಲ್ಲಿ. ಬ್ರಿಟನ್ನಿನ ಕ್ರಿಸ್‌ಮಸ್ ವಾರದ ಮೊದಲ ಸ್ಥಾನವನ್ನು ಅದು ಪಡೆದದ್ದು 39 ವರ್ಷಗಳ ಬಳಿಕ, 2023ರಲ್ಲಿ. ಅದನ್ನು ಜನ ಇಷ್ಟಪಡುತ್ತಾರೆ, ಬೇಸರಪಟ್ಟುಕೊಳ್ಳುತ್ತಾರೆ, ಮತ್ತೆ ಕೇಳುತ್ತಾರೆ. ಅಂಗಡಿಯಲ್ಲೂ ಲಿಫ್ಟಿನಲ್ಲೂ ಅದೇ.

ಸಾಂಪ್ರದಾಯಿಕ ಹಾಡಿನ ರೀತಿ ಬೇರೆ. ಆಸ್ಟ್ರಿಯದಲ್ಲಿ ಸಂಪ್ರದಾಯಸ್ಥರು ‘ಸೈಲೆಂಟ್ ನೈಟ್’ ಅನ್ನು ಡಿಸೆಂಬರ್ 24ಕ್ಕೆ ಮುಂಚೆ ಹಾಡುವುದಿಲ್ಲ. ಅದಕ್ಕೂ ಮುಂಚಿನ ನಾಲ್ಕು ವಾರ ‘ಆಗಮನ ಕಾಲ’, ಕಾಯುವ ಕಾಲ. ಯುಗಾದಿಯ ಬೇವುಬೆಲ್ಲವನ್ನು ಯಾರೂ ಕಾರ್ತಿಕದಲ್ಲಿ ಹಂಚುವುದಿಲ್ಲವಲ್ಲ, ಹಾಗೆ.

ಇದು ಭಾರತೀಯರಿಗೆ ತೀರ ಹೊಸದೇನಲ್ಲ. ಕೋಲ್ಕತ್ತ ಆಕಾಶವಾಣಿ 1930ರ ದಶಕದಲ್ಲಿ ಆರಂಭಿಸಿದ ‘ಮಹಿಷಾಸುರಮರ್ದಿನಿ’ ಕಾರ್ಯಕ್ರಮವನ್ನು ಕೇಳಲು ಬಂಗಾಳಿಗಳು ಮಹಾಲಯದ ದಿನ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ. 1976ರಲ್ಲಿ ಬೀರೇಂದ್ರಕೃಷ್ಣ ಭದ್ರರ ಪಠಣವನ್ನು ಬಿಟ್ಟು ಚಿತ್ರನಟ ಉತ್ತಮ್ ಕುಮಾರರ ದನಿಯಲ್ಲಿ ಹೊಸ ಕಾರ್ಯಕ್ರಮ ಬಿತ್ತರಿಸಿದಾಗ ಜನ ಸಿಡಿದೆದ್ದರು. ಹಳೆಯ ದನಿ ಮರಳಿ ಬರಲೇಬೇಕಾಯಿತು. ಹಬ್ಬದ ಹಾಡನ್ನು ಜನ ಬರೀ ಸಂಗೀತವೆಂದು ಕೇಳುವುದಿಲ್ಲ. ಹೋದ ವರ್ಷ ಜೊತೆಗೆ ಕುಳಿತು ಕೇಳಿದವರ ನೆನಪಿನೊಡನೆ ಕೇಳುತ್ತಾರೆ.

ಬಾನುಲಿಯ ತಂತ್ರ ಬದಲಾಗುತ್ತಿದೆ. ನಾರ್ವೆ 2017ರಲ್ಲಿ ರಾಷ್ಟ್ರೀಯ ವಾಹಿನಿಗಳ ಎಫ್.ಎಂ. ಪ್ರಸಾರವನ್ನೇ ನಿಲ್ಲಿಸಿ ಡಿಜಿಟಲ್‌ಗೆ ಹೊರಳಿತು. ಸಂಗೀತಕ್ಕೆ ಹಣ ಕೊಡುವ ಕೈಯೂ ಬಿಗಿಯಾಗುತ್ತಿದೆ. 2023ರಲ್ಲಿ ಬಿ.ಬಿ.ಸಿ. ತನ್ನ ಹಳೆಯ ಗಾಯನ ಮೇಳ ‘ಬಿ.ಬಿ.ಸಿ. ಸಿಂಗರ್ಸ್’ ಅನ್ನು ಮುಚ್ಚಲು ಹೊರಟು, ಭಾರಿ ಪ್ರತಿಭಟನೆಯ ನಂತರ ಹಿಂದೆ ಸರಿಯಿತು. ಮೇಳ ಕಟ್ಟಲು ದಶಕಗಳು ಬೇಕು, ಮುಚ್ಚಲು ಒಂದು ಆದೇಶ ಸಾಕು.

ಮತ್ತೆ ಮೊದಲಿನ ಪ್ರಶ್ನೆ. ಬೇಕೆಂದಾಗ ಸಿಗುವ ಹಾಡಿಗೆ ಜನ ಏಕೆ ಕಾಯುತ್ತಾರೆ? ಡಿಸ್ಕಿನಲ್ಲಿರುವ ಹಾಡನ್ನು ಕೇಳುವವನು ಒಬ್ಬನೇ ಕೇಳುತ್ತಾನೆ. ಬಾನುಲಿಯ ಹಾಡನ್ನು ಕೇಳುವವನು ಮನೆಯಲ್ಲಿ ಒಬ್ಬನೇ ಇದ್ದರೂ ಒಂಟಿಯಲ್ಲ. ಇದೇ ಗಳಿಗೆಯಲ್ಲಿ ಇನ್ನೂ ಲಕ್ಷಾಂತರ ಜನ ಉಸಿರು ಬಿಗಿಹಿಡಿದಿದ್ದಾರೆಂದು ಅವನಿಗೆ ಗೊತ್ತು. ಮಗನನ್ನು ಯುದ್ಧಕ್ಕೆ ಕಳಿಸಿದ ತಾಯಿಗೂ, ನಡುಗಡಲಿನ ನಾವಿಕನಿಗೂ, ಹಿಮದ ನಡುವಿನ ಒಂಟಿ ಮನೆಯವರಿಗೂ ರೇಡಿಯೊ ಕೊಟ್ಟದ್ದು ಅದನ್ನೇ. ನೇರಪ್ರಸಾರದಲ್ಲಿ ಹುಡುಗನ ದನಿ ನಡುಗಲೂಬಹುದು, ಒಡೆಯಲೂಬಹುದು. ಆ ಆತಂಕವನ್ನೂ ಎಲ್ಲರೂ ಹಂಚಿಕೊಳ್ಳುತ್ತಾರೆ.

ಡಿಸೆಂಬರ್ 24ರ ರಾತ್ರಿ ಎಂಟೂವರೆಗೆ ಕರ್ನಾಟಕದಲ್ಲೂ ಬಿ.ಬಿ.ಸಿ.ಯ ಪ್ರಸಾರವನ್ನು ಇಂಟರ್‌ನೆಟ್ ಮೂಲಕ ಕೇಳಬಹುದು. ಮೊದಲು ಒಂದೆರಡು ಕ್ಷಣ ಏನೂ ಕೇಳಿಸದು. ಅಷ್ಟು ಹೊತ್ತಿಗೆ ಅಲ್ಲಿ ಕೆಂಪು ದೀಪ ಹೊತ್ತಿರುತ್ತದೆ, ಹದಿನಾರು ಹುಡುಗರಲ್ಲಿ ಒಬ್ಬನಿಗೆ ಮಾತ್ರ ಸನ್ನೆ ಸಿಕ್ಕಿರುತ್ತದೆ.

ಆಮೇಲೆ ಆ ದನಿ.